ಬೈಗುಳ ಬಂದ ಮೇಲೆಯೇ ಹೆಬ್ಬೆಟ್ಟು

ಮೊನ್ನೆ ಕಪಾಟಿನಲ್ಲಿ ಹಳೆಯ ಸ್ಟ್ಯಾಂಪ್ ಪ್ಯಾಡೊಂದು ಸಿಕ್ಕಿತು. ಮಸಿ ಒಣಗಿ ಎಷ್ಟೋ ವರ್ಷಗಳಾಗಿದ್ದರೂ ವಾಸನೆ ಉಳಿದಿತ್ತು. ಮೂಸಿದ್ದೇ ತಡ, ನಮ್ಮ ಕಣ್ಣಿನ ಡಾಕ್ಟರು ಎದುರಿಗೆ ಬಂದು ನಿಂತಂತಾಯಿತು...

ತೊಂಬತ್ತರ ದಶಕದಲ್ಲಿ, ಅಥಣಿಯ ಅವರ ದವಾಖಾನೆಯಲ್ಲಿ ನಾನು ಚೀಟಿ ಬರೆಯುತ್ತಿದ್ದೆ. ಡಾಕ್ಟರರನ್ನೂ ಗ್ರಾಹಕರ ಕೋರ್ಟಿಗೆ ಎಳೆಯಬಹುದೆಂಬ ಸುದ್ದಿ ಊರು ತಲುಪಿದ್ದೇ, ಉಳಿದ ಡಾಕ್ಟರರು ಉದ್ದುದ್ದ ಒಪ್ಪಿಗೆ ಪತ್ರ ಅಚ್ಚು ಹಾಕಿಸಿದರು. ನಮ್ಮವರಿಗೆ ಕಾಗದದ ಮೇಲೆ ಭರವಸೆ ಇರಲಿಲ್ಲ. ದೊಡ್ಡವರು ಏನೆಂದರೂ ಮರ್ಯಾದೆಗೆ 'ಹ್ಞೂಂರಿ' ಎನ್ನುವ ಸೀಮೆ ನಮ್ಮದು. ಆ ಹ್ಞೂಂಕಾರದಲ್ಲಿ ಒಪ್ಪಿಗೆ ಎಷ್ಟು, ಸೌಜನ್ಯ ಎಷ್ಟು ಎಂದು ಅಳೆಯಲು ಅವರೊಂದು ಪರೀಕ್ಷೆ ಕಂಡುಹಿಡಿದಿದ್ದರು. ವೈದ್ಯಶಾಸ್ತ್ರದ ದುರ್ದೈವ, ಅದು ಯಾವ ಗ್ರಂಥಕ್ಕೂ ಸೇರಲಿಲ್ಲ.

ಒಮ್ಮೆ ಹತ್ತಿರದ ಸತ್ತಿ ಎಂಬ ಹಳ್ಳಿಯಿಂದ ಒಬ್ಬ ಮುದುಕಿಯನ್ನು ಮಗ ಕರೆತಂದ. ಒಂದು ಕಣ್ಣು ಹಿಂದೆಯೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, ಬೆಳಕಷ್ಟೇ ಗೊತ್ತಾಗುತ್ತಿತ್ತು.

"ಆಯಿ, ಪೊರಿ ತಗೀತೀನಿ. ಕಂಡರ ಕಂಡೀತು, ಇಲ್ಲಂದ್ರ ಇದ್ದ ಬೆಳಕೂ ಹೋದೀತು. ತಿಳೀತಿಲ್ಲೋ?"

"ಹ್ಞೂಂರಿ."

"ಜೋಡೀಲೆ ಮೂಗೂ ಕೊಯ್ತೀನಿ."

"ಹ್ಞೂಂರಿ. ನಿಮ್ಮ ಕೈಗುಣ ಭಾಳ ಛಲೋ ಐತಂತ."

ಡಾಕ್ಟರು ನಿಟ್ಟುಸಿರು ಬಿಟ್ಟು ಮೊದಲಿನಿಂದ ಶುರುಮಾಡಿದರು. ಎರಡನೆಯ ಸಲವೂ ಮೂಗಿಗೆ ಮಂಜೂರಾತಿ ಸಿಕ್ಕಿತು. ಮೂರನೆಯ ಸಲ ಮುದುಕಿ ತಲೆಯೆತ್ತಿದಳು.

"ಯಾಕೋ ಭಾಡ್ಯಾ, ನನ್ನ ಮೂಗ ನಿನಗೇನ ಮಾಡೇತಿ?"

ಡಾಕ್ಟರ ಮುಖ ಅರಳಿತು. "ಈಗ ತಿಳೀತು ನೋಡ್ರಿ! ಹೆಬ್ಬಟ್ಟ ತಗೋರಿ," ಎಂದರು ನನಗೆ.

ಆದರೆ ಆಪರೇಷನ್ ಕೈಕೊಟ್ಟಿತು. ಇದ್ದ ಬೆಳಕೂ ಹೋಯಿತು... ತಿಂಗಳಲ್ಲೇ ಮಗ ತಾಯಿಯ ಜೊತೆ ವಕೀಲರನ್ನೂ ಕರೆದುಕೊಂಡು ಬಂದ. ಡಾಕ್ಟರು ಹೆಬ್ಬೆಟ್ಟಿನ ಕಾಗದ ತೆಗೆಯಲೇ ಇಲ್ಲ. ತಲೆ ತಗ್ಗಿಸಿ ಕುಳಿತರು. ಎಲ್ಲವೂ ಇನ್ನು ಮುದುಕಿಯ ಒಂದು ಮಾತಿನ ಮೇಲೆ ನಿಂತಿತ್ತು.

"ಏನೂ ತಿಳಿಯದ ಹ್ಞೂಂ ಅಂದಿಯಲ್ಲ, ಆಯಿ?" ಎಂದರು ವಕೀಲರು.

"ತಿಳಿಯದ? ಮೂಗ ಕೊಯ್ತೀನಿ ಅಂದಾಗ ಬೈದೀನಿ. ಕಣ್ಣಿನ ಮಾತಿಗೆ ಬೈದಿಲ್ಲ. ನಡೀಲೇ ಮನೀಗೆ," ಎಂದು ಮಗನ ತೋಳು ಹುಡುಕಿದಳು.

ವಕೀಲರು ಬಂದದ್ದು ವ್ಯರ್ಥವಾಗಬಾರದೆಂದು ತಮ್ಮ ಚಾಳೀಸು ಕನ್ನಡಕದ ನಂಬರು ತಪಾಸಣೆ ಮಾಡಿಸಿಕೊಂಡು ಹೋದರು. ಡಾಕ್ಟರು ಆಕೆಯ ಕೈಹಿಡಿದು ಟೆಂಪೋದವರೆಗೆ ನಡೆಸಿದರು. ಒಳಗೆ ಬಂದ ಮೇಲೆ ಮಧ್ಯಾಹ್ನದವರೆಗೆ ಯಾವ ರೋಗಿಯನ್ನೂ ಕರೆಯಲಿಲ್ಲ.

ಡಾಕ್ಟರು ತೀರಿಹೋಗಿ ಬಹಳ ವರ್ಷಗಳಾದವು. ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಹೋದಲ್ಲೆಲ್ಲ "ಏನೂ ಆಗೂದಿಲ್ರಿ, ಇಲ್ಲೊಂದು ಸಹಿ ಮಾಡ್ರಿ" ಎನ್ನುತ್ತಾರೆ. ಏನೇನು ಆಗಬಹುದು ಎಂದು ಎದುರಿಗೆ ಕುಳಿತು ಹೇಳುವವರು ಸಿಕ್ಕಿಲ್ಲ... ನಾನಿನ್ನೂ ಸಹಿ ಮಾಡಿಲ್ಲ.