ಮಣ್ಣು ಬಿದ್ದ ಚಹಾ

ಮೊಮ್ಮಕ್ಕಳೇ, ವೀರೇಶ, ಗೌರಿ… ನಿನ್ನೆ ಮಧ್ಯಾಹ್ನ ರೈಲ್ವೆಯವರು ಮನೆಯೆದುರಿನ ಹಳಿಯ ಪಕ್ಕ ಕಪ್ಪು ರಬ್ಬರಿನ ಹಾಸುಗಳನ್ನು ಇಳಿಸಿದರು. ಬಿಸಿಲಿಗೆ ಕಾದ ಅವುಗಳ ವಾಸನೆ ಅಡುಗೆಮನೆಯವರೆಗೂ ಬಂತು. ಪಕ್ಕದ ಮನೆಯ ಅತ್ತೆ ಬಂದು ಎದುರು ನಿಂತಂತಾಯಿತು… ಸಂಬಂಧದಿಂದ ಅತ್ತೆಯಲ್ಲ, ನಾನು ಹಾಗೆ ಕರೆಯುತ್ತಿದ್ದೆ.

ನಾನು ಆಂಧ್ರ ಗಡಿಯ ಈ ಕೋಸಗಿಗೆ ಸೊಸೆಯಾಗಿ ಬಂದಾಗ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಗೂಡ್ಸ್ ಗಾಡಿ ಹೋದಾಗಲೆಲ್ಲ ಗೋಡೆಯೊಳಗಿನ ಮಾಡದಲ್ಲಿದ್ದ ಲೋಟಗಳು ಕಿಣಿಗುಟ್ಟುತ್ತಿದ್ದವು. ಗೋಡೆ ಸೀಳು ಬಿಟ್ಟಿತ್ತು. ನಮ್ಮದು ಒಂದೇ ಕೋಣೆ; ತೊಟ್ಟಿಲು ಕಟ್ಟಲು ಗಟ್ಟಿ ತೊಲೆ ಇದ್ದುದು ಆ ಗೋಡೆಯ ಪಕ್ಕದಲ್ಲೇ. ಅದರಲ್ಲಿ ಮಲಗುತ್ತಿದ್ದವಳು ನಿಮ್ಮ ಅವ್ವ. ಗಾಡಿಯ ಸದ್ದಾದರೆ ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆ. ಅತ್ತೆ ಆ ಕಡೆಯಿಂದ, ನಾನು ಈ ಕಡೆಯಿಂದ ಸೀಳಿಗೆ ಕೆಸರು ಮೆತ್ತುತ್ತಿದ್ದೆವು. ಅದು ಮತ್ತೆ ಬಾಯಿ ಬಿಡುತ್ತಿತ್ತು.

“ಗ್ವಾಡಿಗೆ ಮೆತ್ತಿದ್ದು ಸಾಕವ್ವ. ಹಳಿಗೇ ಮದ್ದು ಮಾಡಬೇಕು,” ಅಂದರು ಅತ್ತೆ ಒಂದು ದಿನ.

ಹಳಿ ನೋಡಲು ಬರುವ ಸಾಹೇಬರಿಗೆ ಎಷ್ಟೋ ಸಲ ಹೇಳಿದ್ದರು. ರೈಲು ಹೋದರೆ ನೆಲ ನಡುಗದೆ ಇರುತ್ತದಾ ಅಮ್ಮಾ ಎಂದು ಅವರು ತೆಲುಗಿನಲ್ಲಿ ಹೇಳಿ, ನಕ್ಕು ಹೋಗುತ್ತಿದ್ದರು. ಆ ಸಲ ಅತ್ತೆ ದೂರು ಹೇಳಲಿಲ್ಲ. “ಬಿಸಲಾಗ ನಿಂತೀರಿ. ಒಳಗ ಬರ್ರಿ, ಚಾ ಕುಡದು ಹೋಗೀರಂತ,” ಅಂದರು. ಸೀಳಿನ ಕೆಳಗೇ ಚಾಪೆ ಹಾಸಿದರು. ನಾನು ಮಗುವನ್ನೆತ್ತಿಕೊಂಡು ಅವರ ಬಾಗಿಲ ಮರೆಯಲ್ಲಿ ನಿಂತಿದ್ದೆ.

ಸಾಹೇಬರು ಎರಡು ಸಲ ಏಳಲು ನೋಡಿದರು. “ಹಾಲು ಕಾಯಾಕತ್ತ್ಯಾವ ಸಾರ್, ಕುಂದರ್ರಿ,” ಅಂದರು ಅತ್ತೆ. ಚಹಾ ಆಗಲೇ ಆಗಿ ಒಲೆಯ ಪಕ್ಕ ಮುಚ್ಚಿಟ್ಟಿತ್ತು. ದೂರದಲ್ಲಿ ಗೂಡ್ಸ್ ಗಾಡಿ ಕೂಗಿದ ಮೇಲೆಯೇ ಕಪ್ಪಿಗೆ ಬಗ್ಗಿಸಿ ಸಾಹೇಬರ ಕೈಗೆ ಕೊಟ್ಟರು.

ನೆಲ ನಡುಗಿತು. ಗೋಡೆಯ ಮಣ್ಣು ನೇರ ಕಪ್ಪಿಗೇ ಉದುರಿತು.

“ಇನ್ನೊಂದು ಕಪ್ ಕೊಡ್ಲೇನ್ರಿ? ಮುಂದಿನ ಗಾಡಿ ಬರೂತನಕ ಆರಾಮ ಕುಡೀಬೌದು,” ಅಂದರು ಅತ್ತೆ.

ಸಾಹೇಬರು ನಗಲಿಲ್ಲ. ಎದ್ದು ಸೀಳಿನೊಳಗೆ ಬೆರಳಿಟ್ಟು, ಆ ಕಡೆ ಏನಿದೆ ಎಂದು ಕೇಳಿದರು.

“ಈಕಿ ಕೂಸಿನ ತೊಟ್ಲ,” ಅತ್ತೆ ನನ್ನನ್ನು ತೋರಿಸಿದರು.

ಕೆಲವು ದಿನಗಳಲ್ಲಿ ಮನೆಯೆದುರಿನ ಹಳಿಯ ಸಡಿಲ ಜೋಡಣೆಯನ್ನು ಬಿಗಿಮಾಡಿ, ಜಲ್ಲಿ ತುಂಬಿ ಬಡಿದು, ಹಳಿಯ ಕೆಳಗೆ ಕಪ್ಪು ರಬ್ಬರ್ ಹಾಸಿದರು. ಇದೇ ವಾಸನೆ… ನಡುಕ ಪೂರ್ತಿ ಹೋಗಲಿಲ್ಲ. ಆದರೆ ಮೆತ್ತಿದ ಕೆಸರು ನಿಂತಿತು. ನಾನು ತೊಟ್ಟಿಲಿಗೆ ಓಡುವುದನ್ನು ಬಿಟ್ಟೆ.

ಈಗ ಹೊಸ ಹಳಿ ಮನೆಗೆ ಇನ್ನೂ ಹತ್ತಿರ ಬಂದಿದೆ. ಲೋಟಗಳು ಮತ್ತೆ ಕಿಣಿಗುಟ್ಟುತ್ತವೆ. ಅತ್ತೆ ಇಲ್ಲ. ಹೋದ ತಿಂಗಳು ಇಂಜಿನಿಯರ್ ಬಂದಾಗ ಬಹಳ ಹೊತ್ತು ಬಾಗಿಲ ಮರೆಯಲ್ಲೇ ನಿಂತೆ. ಹೊರಗಿನ ಗಂಡಸರ ಜೊತೆ ಮಾತಾಡಿ ನನಗೆ ರೂಢಿಯಿಲ್ಲ… ಆಮೇಲೆ ಚಹಾ ಮಾಡಿ ಮುಚ್ಚಿಟ್ಟು, ಹೊರಗೆ ಬಂದೆ. “ಒಳಗ ಬರ್ರಿ ಸಾರ್,” ಅಂದೆ.

ನಿನ್ನೆ ಇಳಿದ ರಬ್ಬರ್ ಆ ಚಹಾದಿಂದಲೇ ಬಂದದ್ದು. ನೋಡಲು ಅತ್ತೆ ಇರಬೇಕಿತ್ತು.

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಗೋಡೆಯ ಮಾಡದಲ್ಲಿ ಬೇಡ, ಪೆಟ್ಟಿಗೆಯಲ್ಲಿಡಿ. ಹಳಿಯ ಕೆಲಸ ಮುಗಿಯುವವರೆಗೆ ಇನ್ನೂ ಸ್ವಲ್ಪ ಮಣ್ಣು ಉದುರುತ್ತದೆ.