ಕಣ್ಣಿನ ಬಿಳಿ ನೋಡುತ್ತಿದ್ದ ಭಾಗೀರಥಕ್ಕ

ಭಾಗೀರಥಕ್ಕ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಕಣ್ಣಿನ ಬಿಳಿಯನ್ನು. ಮುಖ ಆಮೇಲೆ, ಹೆಸರು ಇನ್ನೂ ಆಮೇಲೆ. ಒಂದು ಮದುವೆಮನೆಯಲ್ಲಿ ಮದುಮಗಳ ಕೆಳರೆಪ್ಪೆಯನ್ನೇ ಹೆಬ್ಬೆರಳಿನಿಂದ ಎಳೆದು ನೋಡಿ, "ಅಡ್ಡಿಲ್ಲೆ" ಎಂದು ಅಕ್ಷತೆ ಹಾಕಿದವರು ಅವರು. ಸಿದ್ದಾಪುರ ಬಸ್ಸಿನ ಕಂಡಕ್ಟರು ಅವರಿಗೆ ಟಿಕೆಟ್ ಕೊಡುವಾಗ ಕಿಟಕಿಯ ಕಡೆ ನೋಡುತ್ತಿದ್ದನಂತೆ.

ಕಾನಸೂರಿನ ಅವರ ಮನೆಯಲ್ಲಿ ಕಾಮಾಲೆಗೆ ಔಷಧಿ ಕೊಡುತ್ತಿದ್ದರು. ಅತ್ತೆಯಿಂದ ಬಂದ ವಿದ್ಯೆ. ಭಾನುವಾರ ಮತ್ತು ಬುಧವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಯಾವುದೋ ಬೇರನ್ನು ತೇದು ಮಜ್ಜಿಗೆಯಲ್ಲಿ ಕೊಡುವುದು. ಬೇರಿನ ಹೆಸರು ಕೇಳುವ ಹಾಗಿಲ್ಲ. ಎಂಟು ದಿನ ಉಪ್ಪಿಲ್ಲದ ಗಂಜಿ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ಯಾರಾದರೂ ಗುಟ್ಟಾಗಿ ಹಪ್ಪಳ ತಿಂದಿದ್ದರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾವಾಗ ಇಸಳೂರಿನಲ್ಲಿದ್ದೆವು. ಯಜಮಾನರಿಗೆ ಯಲ್ಲಾಪುರದಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ನಾಲ್ಕು ವರ್ಷದ ಮಗಳು ಸುಮಾಳ ಕಣ್ಣು ಹಳದಿಯಾದಾಗ ನಾನೊಬ್ಬಳೇ ಅವಳನ್ನು ಸೊಂಟಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಕಾನಸೂರಿಗೆ ಹೋದೆ. ಔಷಧಿ ಕುಡಿಸಿದರು. ಎಂಟು ದಿನಕ್ಕೆ ಕಣ್ಣು ತಿಳಿಯಾಯಿತು. ನಾಲ್ಕು ತಿಂಗಳಿಗೆ ಮತ್ತೆ ಬಂತು, ಮತ್ತೆ ಹೋಯಿತು. ಮೂರನೆಯ ಸಲವೂ ಹಾಗೇ. ಸಿಕ್ಕಸಿಕ್ಕವರ ಮುಂದೆ ನಾನೇ ಭಾಗೀರಥಕ್ಕನ ಕೈಗುಣವನ್ನು ಹೊಗಳಿದ್ದೇ ಹೊಗಳಿದ್ದು. ಅವರೂ ಬೇಡವೆನ್ನಲಿಲ್ಲ. ಮಗು ನಡುನಡುವೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದುದನ್ನು ಇಬ್ಬರೂ ಜಂತುಹುಳದ ಲೆಕ್ಕಕ್ಕೆ ಹಾಕಿದೆವು. ಮಲ ಸುಣ್ಣದ ಹಾಗೆ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದೂವರೆ ವರ್ಷ ಹೀಗೇ ಕಳೆಯಿತು. ನಾಲ್ಕನೆಯ ಸಲ ಚಳಿಜ್ವರವೂ ಸೇರಿ ಮಗು ಕೈಯಲ್ಲೇ ಸೊಪ್ಪಾದಾಗ ಸಿರ್ಸಿಯ ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ಕೂಡಲೇ ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿಯ ಸರ್ಜನ್ನು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಪಿತ್ತ ಹರಿಯುವ ನಾಳ ಹುಟ್ಟಿನಿಂದಲೇ ಚೀಲದ ಹಾಗೆ ಉಬ್ಬಿಕೊಂಡಿದೆ. ಅದು ಕಟ್ಟಿಕೊಂಡಾಗ ಕಾಮಾಲೆ. ತಾನಾಗಿ ಬಿಟ್ಟುಕೊಂಡಾಗ ಗುಣ. ಇನ್ನೂ ತಡವಾಗಿದ್ದರೆ ಲಿವರೇ ಗಟ್ಟಿಯಾಗುತ್ತಿತ್ತು, ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಹೊಟ್ಟೆ ಸೀಳುವುದಿಲ್ಲ, ಸಣ್ಣ ತೂತುಗಳಲ್ಲಿ ಕ್ಯಾಮರಾ ಬಿಟ್ಟು, ಟಿ.ವಿ. ನೋಡುತ್ತಾ ಆ ಚೀಲ ತೆಗೆದು ಉಳಿದ ನಾಳವನ್ನು ಕರುಳಿಗೆ ಜೋಡಿಸುತ್ತೇವೆ ಎಂದರು. ಬೆಳಿಗ್ಗೆ ಒಳಗೆ ಹೋದ ಮಗು ಹೊರಬಂದಾಗ ಮಧ್ಯಾಹ್ನ ದಾಟಿತ್ತು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ನಾನು ಅಳಲೂ ಇಲ್ಲ. ಅಳುವುದಕ್ಕೂ ಒಂದು ತ್ರಾಣ ಬೇಕು.

ಮಗಳು ಚೇತರಿಸಿಕೊಂಡ ಮೇಲೆ ಅವಳನ್ನು ಕರೆದುಕೊಂಡು ಕಾನಸೂರಿಗೆ ಹೋದೆ. ನಾಲ್ಕು ಮಾತು ಆಡಿಯೇ ಬರಬೇಕೆಂದಿತ್ತು. ಬಸ್ಸಿಳಿದು ನಡೆಯುವಷ್ಟರಲ್ಲಿ ಬೈಯುವ ಶಕ್ತಿಯೂ ಉಳಿಯಲಿಲ್ಲ. ಸರ್ಜನ್ನು ಹೇಳಿದ್ದನ್ನೆಲ್ಲ ಜಗಲಿಯಲ್ಲಿ ಕೂತು ಸಪ್ಪೆಯಾಗಿ ಹೇಳಿದೆ. ಭಾಗೀರಥಕ್ಕ ಸುಮಾಳ ಅಂಗಿ ಎತ್ತಿ ದೊಡ್ಡ ಗಾಯ ಹುಡುಕಿದರು. ಸಿಕ್ಕಿದ್ದು ನಾಲ್ಕು ಸಣ್ಣ ಗುರುತು. ಒಂದೊಂದನ್ನೂ ಹೆಬ್ಬೆರಳಿನಿಂದ ಮುಟ್ಟಿ ಅಂಗಿ ಇಳಿಸಿದರು.

"ಆನು ಗುಣ ಮಾಡಿದ್ದಲ್ಲ ತಂಗಿ," ಎಂದರು. "ಅದು ತಾನೇ ಬಂದು ತಾನೇ ಹೋಗ್ತಿತ್ತು. ಮಧ್ಯ ಕೂತು ಹೆಸರು ತಗಂಡೆ."

ನನ್ನ ಸಿಟ್ಟಿಗೆ ಕೂರಲು ಜಾಗವೇ ಇಲ್ಲದಂತಾಯಿತು.

ಆಮೇಲೆ ಅವರು ಕಣ್ಣು ನೋಡುವ ಮೊದಲು "ಎಷ್ಟನೇ ಸಲ?" ಎಂದು ಕೇಳತೊಡಗಿದರು. ಮಲದ ಬಣ್ಣವನ್ನೂ ನಾಚಿಕೆಯಿಲ್ಲದೆ ವಿಚಾರಿಸುತ್ತಿದ್ದರು. ಮಗುವಿಗೆ ಎರಡನೇ ಸಲ ಅಂದರೆ ಬೇರು ಮುಟ್ಟುತ್ತಲೇ ಇರಲಿಲ್ಲ. ಸಿರ್ಸಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಎಂದು ಬಸ್ಸಿನ ಹೊತ್ತು ಹೇಳುತ್ತಿದ್ದರು. ದೊಡ್ಮನೆ ಊರಿನ ಕಡೆಯಿಂದ ಬಂದವರೊಬ್ಬರು, ಔಷಧಿ ಕೊಡಲು ಇವರಿಗೆ ಸೊಕ್ಕು ಎಂದು ಮುನಿಸಿಕೊಂಡು ಬೇರೆ ಕಡೆ ಹೋದರು. ಜಗಲಿಯಲ್ಲಿ ಜನ ಕಡಿಮೆಯಾದರು. ಹಾಗೆ ಅವರು ಕಳಿಸಿದ ಒಂದು ಕೂಸಿಗೆ ಸುಮಾಳಿಗಿದ್ದ ತೊಂದರೆಯೇ ಇತ್ತಂತೆ. ಅದನ್ನು ನನಗೆ ಹೇಳಿದವರು ಬೇರೆಯವರು, ಭಾಗೀರಥಕ್ಕ ಹೇಳಲಿಲ್ಲ.

ಕೆಲವು ವರ್ಷ ಕಳೆದು ಕೊನೆಯ ಸಲ ಹೋದಾಗ ಅವರು ಒಳಗೆ ಮಲಗಿದ್ದರು. ಸುಮಾ ಹೈಸ್ಕೂಲಿಗೆ ಬಂದಿದ್ದಳು. ಅವಳನ್ನು ಹತ್ತಿರ ಕರೆದು ರೆಪ್ಪೆ ಎಳೆದು ನೋಡಿ, "ಅಡ್ಡಿಲ್ಲೆ" ಎಂದರು. ನಾನು ನೋಡುತ್ತಿದ್ದುದು ಅವರ ಕಣ್ಣನ್ನು. ಯಾವಾಗಿನಿಂದಲೋ ಆ ಅಭ್ಯಾಸ ನನಗೂ ಅಂಟಿಕೊಂಡಿತ್ತು.

"ಎಷ್ಟನೇ ಸಲ?" ಎಂದು ಕೇಳಿದೆ.

ಭಾಗೀರಥಕ್ಕ ಗೋಡೆ ಕಡೆ ತಿರುಗಿದರು. "ಮೂರನೇದು," ಎಂದರು.

ತಲೆದೆಸೆಯಲ್ಲಿ ಮಜ್ಜಿಗೆಯ ಲೋಟ ಇತ್ತು. ತಳದಲ್ಲಿ ತೇದ ಬೇರಿನ ಗಸಿ. ಕಾರು ತರಿಸುತ್ತೇನೆ, ಈಗಲೇ ಸಿರ್ಸಿಗೆ ಹೋಗೋಣ ಎಂದು ನಾನು ಎದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿದರು.

"ಈ ವಯಸ್ಸಿಗೆ ಎಂತಕ್ಕೆ? ಸಣ್ಣ ಮಕ್ಕಳಾಗಿದ್ರೆ ಆನೇ ಸಿರ್ಸಿಗೆ ಕಳಿಸ್ತಿದ್ದೆ."