ಮೆಣಸಿನ ಧೂಳಿನಲ್ಲಿ ಮೂಡದ ಹಿಮ್ಮಡಿ

ಇದನ್ನು ಹೇಳುವುದನ್ನು ಮೂವತ್ತೈದು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಹೆಂಡತಿ ಬದುಕಿದ್ದಾಗ ಅವಳಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ಕಳೆದ ತಿಂಗಳು ಬಚ್ಚಲಿನಿಂದ ಬಂದು ಟವೆಲ್ಲಿಗೆಂದು ತಿರುಗಿದಾಗ ಕಲ್ಲುಹಾಸಿನ ಮೇಲೆ ನನ್ನ ಒದ್ದೆ ಹೆಜ್ಜೆಗಳು ಕಂಡವು. ಬೆರಳುಗಳಿದ್ದವು, ಮುಂಗಾಲಿತ್ತು. ಹಿಮ್ಮಡಿ ಮೂಡಿರಲಿಲ್ಲ. ಗೋಡೆ ಹಿಡಿದು ಅಲ್ಲೇ ಕುಳಿತುಬಿಟ್ಟೆ.

ನಡೆಯುವಾಗ ಜೋಲಿ ತಪ್ಪುತ್ತದೆಂದು ಮಗಳು ಹಾವೇರಿಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ನನ್ನ ಕಾಲು ಒತ್ತಿ ನೋಡಿದಳು. “ಅಜ್ಜಾರ, ಮೀನಖಂಡ ಬಿಗದಾವ್ರಿ. ಅದಕ್ಕ ಭಾರೆಲ್ಲಾ ಬೆರಳಿಗೆ ಬೀಳಾಕತ್ತೈತಿ. ಗ್ವಾಡಿಗೆ ಕೈ ಕೊಟ್ಟು ಒಂದು ಕಾಲು ಹಿಂದಿಡ್ರಿ, ಹಿಮ್ಮಡ ನೆಲಕ್ಕ ಒತ್ರಿ” ಎಂದಳು. ಈ ಪಾಠವನ್ನು ನಾನು ಮೊದಲು ಕೇಳಿದ್ದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ, ಒಬ್ಬ ಹಮಾಲನ ಬಾಯಲ್ಲಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಅಲ್ಲಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಆ ಹಮಾಲ ಕದರಮಂಡಲಗಿ ಕಡೆಯವನು, ಶನಿವಾರ ಹನುಮಪ್ಪನ ದರ್ಶನವಾಗದೆ ನೀರೂ ಕುಡಿಯದವನು. ಬೆಳಿಗ್ಗೆ ಬಂದವನೇ ಗೋದಾಮಿನ ಗೋಡೆಗೆ ಎರಡೂ ಕೈ ಊರಿ, ಒಂದೊಂದೇ ಕಾಲನ್ನು ಹಿಂದೆ ಚಾಚಿ, ಹಿಮ್ಮಡಿ ಒತ್ತಿ ನಿಲ್ಲುತ್ತಿದ್ದ. ಆಮೇಲೂ ಲಗುಬಗೆಯಿಂದ ಚೀಲ ಹೊರುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕಾಲು ಸ್ಥಿರವಾದ ಮೇಲೆಯೇ ಲಾರಿಗೆ ಚಾಚಿದ ಹಲಗೆ ಹತ್ತುತ್ತಿದ್ದ.

“ಏನ್ ಕಾಕಾ, ಗ್ವಾಡಿ ಬೀಳತೈತೇನು? ಗಟ್ಟಿ ಹಿಡಕೋ!” ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

“ಗ್ವಾಡಿ ಬೀಳಬಾರ್ದಂತಲ್ರಿ ಗುಮಾಸ್ತರ, ನಾ ಬೀಳಬಾರ್ದಂತ.”

ಅಂದಿನಿಂದ ಪೇಟೆಗೆಲ್ಲ ಅವನು ಗ್ವಾಡಿ ಕಾಕಾ ಆದ. ಆ ಹೆಸರಿಟ್ಟವನು ನಾನು. ಅವನಿಗೆ ಬೇಸರವಿರಲಿಲ್ಲ. ಒಮ್ಮೆ ನನ್ನನ್ನು ಕರೆದು, ನೆಲದ ಮೇಲಿನ ಕೆಂಪು ಧೂಳಿನಲ್ಲಿ ಮೂಡಿದ್ದ ತನ್ನ ಹೆಜ್ಜೆಗಳನ್ನು ತೋರಿಸಿದ್ದ. ಕಾಲು ಜಗ್ಗುವ ಮೊದಲಿನದರಲ್ಲಿ ಬೆರಳಷ್ಟೇ ಆಳ, ಜಗ್ಗಿದ ಮೇಲಿನದರಲ್ಲಿ ಹಿಮ್ಮಡಿ ಪೂರಾ. “ಹಿಮ್ಮಡ ನೆಲಾ ಹಿಡದ್ರ ಚೀಲ ಬೆನ್ನ ಮ್ಯಾಲೆ ನಿಂದರತೈತಿ. ಇಲ್ಲಂದ್ರ ಅದು ನಮ್ಮನ್ನ ಎಳಕೊಂಡು ಹೋಗತೈತಿ” ಎಂದಿದ್ದ...

ಒಂದು ದಿನ ಲಾರಿ ತಡವಾಗಿ ಬಂದಿತ್ತು. ಮಾಲೀಕರು ನನ್ನ ಮೇಲೆ ಹರಿಹಾಯ್ದಿದ್ದರು. ಅವನು ಬಲಗಾಲು ಜಗ್ಗಿ ಮುಗಿಸಿ ಎಡಗಾಲು ಹಿಂದಿಟ್ಟಿದ್ದನಷ್ಟೆ. “ಸಾಕು ಬಿಡೋ ನಿನ್ನ ಕುಣಿತ, ಹತ್ತು!” ಎಂದು ಚೀರಿ, ತೋಳು ಹಿಡಿದು ಗೋಡೆಯಿಂದ ಎಳೆದೆ. ನನ್ನ ತಂದೆಯ ವಯಸ್ಸಿನವನು. ಹಾಗೆಯೇ ಹೋಗಿ ಚೀಲ ಹೊತ್ತ. ಹಲಗೆಯ ನಡುವೆ ಎಡಗಾಲು ತುದಿಯ ಮೇಲೆ ಹೊರಳಿತು. ಅವನು ಬಿದ್ದ, ಕಾಲಿನ ಮೇಲೆ ಚೀಲ ಬಿತ್ತು.

ಮಾಲೀಕರು ಓಡಿ ಬಂದರು. “ಏನಾತೋ? ಕುಡದಿದ್ನೇನ್ ಅವಾ?”

ನನ್ನ ಬಾಯಿ ನನಗಿಂತ ಮೊದಲು ಉತ್ತರಿಸಿತು. “ಹೌದ್ರಿ... ವಾಸನಿ ಬರಾಕತ್ತಿತ್ರಿ.”

ನೆಲದಲ್ಲಿ ಬಿದ್ದಿದ್ದವನು ನನ್ನ ಕಡೆ ತಿರುಗಿದ. ನೋವಿನಲ್ಲೂ ದನಿ ಏರಿಸಲಿಲ್ಲ. “ಗುಮಾಸ್ತರ, ನನ್ನ ಹೆಜ್ಜಿ ನೋಡ್ರಿ. ನಿಮಗ ಗೊತ್ತೈತೆಲ್ಲ, ಹೇಳ್ರಿ ಇವರಿಗೆ.”

ಹಲಗೆಯ ಬುಡದಲ್ಲಿ ಎರಡು ಹೆಜ್ಜೆಗಳಿದ್ದವು. ಬಲಗಾಲಿನದು ಪೂರಾ. ಎಡಗಾಲಿನದು ಬರೀ ಬೆರಳು. ಅದನ್ನು ಓದಬಲ್ಲವರು ಇಡೀ ಪೇಟೆಯಲ್ಲಿ ನಾವಿಬ್ಬರೇ. ಅವನನ್ನು ಎತ್ತಿಕೊಂಡು ಹೋದ ಮೇಲೆ ನಾನು ಪೊರಕೆ ತಂದು ಗುಡಿಸಿಬಿಟ್ಟೆ.

ಕುಡಿದು ಹಲಗೆ ಹತ್ತಿದವನನ್ನು ಮತ್ತೆ ಕೆಲಸದ ಟೋಳಿಗೆ ಸೇರಿಸಬಾರದೆಂಬುದು ಹಮಾಲರು ತಾವೇ ಮಾಡಿಕೊಂಡ ಕಟ್ಟಳೆ. ಮಾಲೀಕರು ಬಿಟ್ಟಿದ್ದರೂ ಅವನ ಜೊತೆಗಾರರು ಬಿಡಲಿಲ್ಲ. ಜೀವಮಾನದಲ್ಲಿ ಹೆಂಡ ಮುಟ್ಟದವನ ಬೆನ್ನ ಹಿಂದೆ ಜನ ಮೂಗು ಮುಚ್ಚಿಕೊಂಡರು. ಒಂದು ಮಾತು ಆಡಿದ್ದರೆ ಸಾಕಿತ್ತು... ಇವತ್ತು, ನಾಳೆ ಎನ್ನುತ್ತಲೇ ನಾನು ಆ ಕೆಲಸ ಬಿಟ್ಟು ರಾಣೆಬೆನ್ನೂರು ಸೇರಿದೆ.

ಕೆಲವು ವರ್ಷಗಳ ಮೇಲೆ ಅಲ್ಲಿಯ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಬೆರಳ ತುದಿಯ ಮೇಲೆ ಕುಂಟುತ್ತ ಬರುತ್ತಿದ್ದ. ನಾನು ಬಸ್ಸಿನ ಮರೆಗೆ ಸರಿದು ನಿಂತೆ. ಅವನು ದಾಟಿ ಹೋಗುವವರೆಗೂ ನಿಂತೆ. ಮರುವರ್ಷ ತೀರಿಕೊಂಡನೆಂದು ಯಾರೋ ಹೇಳಿದರು.

ಈಗ ದಿನಾ ಬೆಳಿಗ್ಗೆ ಗೋಡೆಗೆ ಕೈ ಊರಿ ನಿಲ್ಲುತ್ತೇನೆ. ಮೀನಖಂಡ ಹರಿದುಹೋಗುವ ಹಾಗೆ ಜಗ್ಗುತ್ತದೆ. ಹಿಮ್ಮಡಿ ಇನ್ನೂ ಮೇಲೆಯೇ ಇದೆ. ಕಾಲು ಸಡಿಲಾದರೂ ಆಗಬಹುದು, ಆಸ್ಪತ್ರೆಯ ಆ ಹುಡುಗಿ ಹಾಗೆನ್ನುತ್ತಾಳೆ. ಆದರೆ ನಾನು ಗುಡಿಸಿದ ಹೆಜ್ಜೆಯನ್ನು ಯಾವ ನೆಲದ ಮೇಲೆ ಮತ್ತೆ ಮೂಡಿಸಲಿ? ಕ್ಷಮೆ ಕೇಳೋಣವೆಂದರೆ ಎದುರಿಗಿರುವುದು ಗೋಡೆ.

ನಾನಿಟ್ಟ ಹೆಸರನ್ನಷ್ಟೇ ಇಲ್ಲಿಯವರೆಗೆ ಹೇಳಿದೆ. ಅದೂ ತಪ್ಪೇ. ಅವರ ಹೆಸರು ಫಕ್ಕೀರಪ್ಪ.